ಬೆನ್‌ಬುಲ್ಬಿನ್ ಬರೀ 526 ಮೀಟರ್ ಅಲ್ಲವೇ, ಒಂದು ಗಂಟೆಯಲ್ಲಿ ಹತ್ತಿ ಇಳಿಯಬಹುದಲ್ಲ?

ಪ್ರಶ್ನೆ: ಮಗಳು ಅಳಿಯ ಡಬ್ಲಿನ್‌ನಲ್ಲಿದ್ದಾರೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಸ್ಲೈಗೋ ಊರಿನ ಹತ್ತಿರದ ಬೆನ್‌ಬುಲ್ಬಿನ್ ಬೆಟ್ಟದ ಫೋಟೊ ನೋಡಿ ಮನಸೋತಿದ್ದೇವೆ. ಎತ್ತರ 526 ಮೀಟರ್ ಅಷ್ಟೇ ಅಂತೆ. ಮುಳ್ಳಯ್ಯನಗಿರಿಯನ್ನೇ ಹತ್ತಿದ ನಮಗೆ ಇದೇನೂ ಕಷ್ಟವಾಗಲಾರದು. ಬೆಳಿಗ್ಗೆ ಹೊರಟು, ಒಂದು ಗಂಟೆಯಲ್ಲಿ ಹತ್ತಿ ಇಳಿದು, ಸಂಜೆ ಡಬ್ಲಿನ್‌ಗೆ ವಾಪಸಾಗಬಹುದೇ?

ಉತ್ತರ: ಬೆಳಿಗ್ಗೆ ಹೊರಟು ಬೆಟ್ಟ ನೋಡಿಕೊಂಡು ರಾತ್ರಿಯೊಳಗೆ ಡಬ್ಲಿನ್ ಸೇರಬಹುದು. ಒಂದು ಗಂಟೆಯಲ್ಲಿ ಹತ್ತಿ ಇಳಿಯಲು ಆಗುವುದಿಲ್ಲ. ನಿಮ್ಮ ವಯಸ್ಸಿಗೆ, ಮೊದಲ ಭೇಟಿಗೆ, ಜೊತೆಗೆ ಬೆಟ್ಟ ಬಲ್ಲವರಿಲ್ಲದೆ ಬೆನ್‌ಬುಲ್ಬಿನ್‌ನ ನೆತ್ತಿಗೆ ಹೋಗುವ ಯೋಚನೆಯನ್ನೇ ಬಿಡಿ. ಅದರ ಬುಡದಲ್ಲಿ ಸೊಗಸಾದ ಕಾಡುದಾರಿ ಇದೆ, ಪಕ್ಕದಲ್ಲೇ ನಿಮಗೆ ಹತ್ತಲು ಹೇಳಿ ಮಾಡಿಸಿದ ಇನ್ನೊಂದು ಬೆಟ್ಟವೂ ಇದೆ. ಎರಡರ ವಿಷಯವೂ ಮುಂದಿದೆ. ಅದಕ್ಕೂ ಮೊದಲು ಆ 526ರ ಲೆಕ್ಕ ಸರಿಮಾಡೋಣ, ಏಕೆಂದರೆ ಈ ಪ್ರಶ್ನೆ ಯಾರಿಂದ ಬಂದರೂ "ಬರೀ" ಎಂಬ ಪದ ಅದರ ಜೊತೆಗೇ ಬರುತ್ತದೆ.

ಬೆಟ್ಟದ ಎತ್ತರವೆಂದು ಬರೆಯುವ ಅಂಕಿ ಸಮುದ್ರಮಟ್ಟದಿಂದ ಅಳೆದದ್ದು. ನಿಮ್ಮ ಕಾಲು ಹತ್ತುವ ಎತ್ತರ ಬೇರೆ. ಮುಳ್ಳಯ್ಯನಗಿರಿ 1,930 ಮೀಟರ್ ನಿಜ, ಆದರೆ ಅದರಲ್ಲಿ ಚಿಕ್ಕಮಗಳೂರು ಊರೇ ಸಾವಿರ ಮೀಟರ್ ಮೇಲಿದೆ, ಮಿಕ್ಕಿದ್ದರಲ್ಲಿ ಬಹುಪಾಲನ್ನು ಕಾರೋ ಜೀಪೋ ಹತ್ತುತ್ತದೆ. ನೀವು ಹತ್ತುವುದು ಕೊನೆಯ ಮೆಟ್ಟಿಲುಗಳನ್ನು. ನಂದಿಬೆಟ್ಟದ ಕಥೆಯೂ ಅದೇ: 1,478 ಮೀಟರ್ ಎಂದು ಬೋರ್ಡು, ಪಾರ್ಕಿಂಗ್ ನೆತ್ತಿಯ ಹತ್ತಿರ. ಬೆನ್‌ಬುಲ್ಬಿನ್ ನಿಂತಿರುವುದು ಅಟ್ಲಾಂಟಿಕ್ ಕರಾವಳಿಯ ಬಯಲಿನಲ್ಲಿ. ರಸ್ತೆ ಹೆಚ್ಚೂಕಡಿಮೆ ಸಮುದ್ರಮಟ್ಟದಲ್ಲೇ ಓಡುತ್ತದೆ, ನೆತ್ತಿಗೆ ವಾಹನದ ದಾರಿ ಇಲ್ಲ, ಮೆಟ್ಟಿಲು ಇಲ್ಲ, ಕೈಹಿಡಿ ಇಲ್ಲ. ಆ ಎತ್ತರದ ಬಹುಪಾಲನ್ನು ಕಾಲಿನಲ್ಲೇ ಹತ್ತಬೇಕು.

ಸಮಯದ ಲೆಕ್ಕಕ್ಕೆ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಚಾರಣ ಮಾಡುವವರು ಇಂದಿಗೂ ಬಳಸುವ ಒಂದು ಸೂತ್ರವಿದೆ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟದ್ದು. ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಹತ್ತುವ ಪ್ರತಿ 600 ಮೀಟರ್‌ಗೆ ಮೇಲೊಂದು ಗಂಟೆ. ಹೋಗಿಬರುವ ದಾರಿ 10 ಕಿ.ಮೀ., ಏರು 500 ಮೀಟರ್ ಎಂದಿಟ್ಟುಕೊಳ್ಳಿ: ನಡಿಗೆಗೆ ಎರಡು ಗಂಟೆ, ಏರಿಗೆ 50 ನಿಮಿಷ. ಇದು ಗಟ್ಟಿ ನೆಲದಲ್ಲಿ, ಒಳ್ಳೆಯ ಹವೆಯಲ್ಲಿ, ಎಲ್ಲೂ ನಿಲ್ಲದೆ ನಡೆಯುವ ಗಟ್ಟಿಮುಟ್ಟಾದವರ ಲೆಕ್ಕ. ಫೋಟೊಗೆ, ಬುತ್ತಿಗೆ, ಉಸಿರಿಗೆ ನಿಂತರೆ ನಾಲ್ಕು ಗಂಟೆ ದಾಟುತ್ತದೆ.

ಇನ್ನು ನೆಲ ಗಟ್ಟಿಯೂ ಅಲ್ಲ. ನೆತ್ತಿಯ ಮೇಲೆಲ್ಲ ಹರಡಿರುವುದು ಪೀಟ್: ಸಾವಿರಾರು ವರ್ಷ ಕೊಳೆಯದೆ ಒಂದರ ಮೇಲೊಂದು ಕೂತ ಪಾಚಿ, ಹುಲ್ಲು, ಬೇರುಗಳ ಕಪ್ಪು ಪದರ. ಮೇಲಿನಿಂದ ನೋಡಿದರೆ ಹುಲ್ಲುಗಾವಲು, ಕಾಲಿಟ್ಟರೆ ನಾಟಿ ಮಾಡಿದ ಗದ್ದೆ. ಕಣಕಾಲಿನವರೆಗೆ ಹೂಳುವುದು ಮಾಮೂಲು. ನಡುನಡುವೆ ಮಳೆನೀರು ಪೀಟನ್ನು ಕೊರೆದು ಆಳೆತ್ತರದ ಕಪ್ಪು ಕಂದಕಗಳಾಗಿರುತ್ತವೆ, ಅವುಗಳಲ್ಲಿ ಇಳಿದು ಹತ್ತುತ್ತಾ ಹೋಗಬೇಕು. ಸ್ಪೋರ್ಟ್ಸ್ ಶೂ ಹತ್ತು ನಿಮಿಷದಲ್ಲಿ ನೆನೆಯುತ್ತದೆ. ಜೀನ್ಸ್ ನೆನೆದರೆ ಒಣಗುವುದೇ ಇಲ್ಲ, ಗಾಳಿಗೆ ಮೈಯ ಬಿಸಿಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ.

"ಹಾಗಾದರೆ ಎದುರಿನಿಂದ ನೇರ ಹತ್ತಿದರೆ ದೂರ ಕಡಿಮೆ" ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಫೋಟೊಗಳಲ್ಲಿ ಕಾಣುವ ಆ ಮಡಿಕೆಮಡಿಕೆಯ ಗೋಡೆ ಬೆಟ್ಟದ ಉತ್ತರ ಮತ್ತು ಪಶ್ಚಿಮದ ಮುಖ. ಮೇಲೆ ಗಟ್ಟಿ ಸುಣ್ಣಕಲ್ಲು, ಅದರಡಿ ಮೆತ್ತನೆಯ ಜೇಡಿಪದರಗಲ್ಲು. ಎರಡೂ 32 ಕೋಟಿ ವರ್ಷಗಳಷ್ಟು ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಪದರಗಳು. ಹಿಮಯುಗದ ಹಿಮನದಿಗಳು ಸುತ್ತಲ ಕಣಿವೆಗಳನ್ನು ಕೆರೆದುಹಾಕಿದ ಮೇಲೆ ಉಳಿದದ್ದು ಈ ಚಪ್ಪಟೆ ತಲೆಯ ಬೆಟ್ಟ. ಕೆಳಗಿನ ಮೆತ್ತನೆ ಕಲ್ಲು ಬೇಗ ಸವೆಯುತ್ತದೆ, ಮೇಲಿನ ಸುಣ್ಣಕಲ್ಲು ಆಧಾರ ತಪ್ಪಿ ಚೂರುಚೂರಾಗಿ ಉದುರುತ್ತದೆ. ಹಿಡಿದ ಕಲ್ಲು ಕೈಗೆ ಬರುವ ಜಾಗ ಅದು. ಆ ಮಡಿಕೆಗಳೆಲ್ಲ ನೀರು ಕೊರೆದ ಕೊರಕಲುಗಳು. ಅರ್ಧ ಹತ್ತಿ ಸಿಕ್ಕಿಕೊಂಡವರಿಗೆ ಹತ್ತಲೂ ಆಗುವುದಿಲ್ಲ, ಒದ್ದೆ ಹುಲ್ಲಿನ ಕಡಿದಾದ ಇಳಿಜಾರಿನಲ್ಲಿ ಇಳಿಯಲೂ ಆಗುವುದಿಲ್ಲ. ಇದರ ಜೊತೆಗೆ ಐರ್ಲೆಂಡಿನಲ್ಲಿ ಬೇರೆಲ್ಲೂ ಸಿಗದ, ಆರ್ಕ್‌ಟಿಕ್ ಸೀಮೆಯ ಒಂದು ಪುಟ್ಟ ಬಿಳಿಹೂವಿನ ಗಿಡ, ಅರೆನೇರಿಯಾ ಸಿಲಿಯೇಟಾ, ಉಳಿದುಕೊಂಡಿರುವುದು ಈ ಬೆಟ್ಟಸಾಲಿನ ಬಂಡೆಗಳಲ್ಲೇ, ಅದು ಕಾಲಿಗೆ ಸಿಕ್ಕಬಾರದು.

ಬೆಟ್ಟ ಬಲ್ಲವರು ಹತ್ತುವುದು ಹಿಂಬದಿಯಿಂದ, ದಕ್ಷಿಣದ ಸೌಮ್ಯ ಇಳಿಜಾರಿನಿಂದ. ಅಲ್ಲೂ ನೆತ್ತಿಯವರೆಗೆ ಗುರುತು ಹಾಕಿದ ಅಧಿಕೃತ ದಾರಿ ಇಲ್ಲ. ಐರ್ಲೆಂಡಿನಲ್ಲಿ ಬೆಟ್ಟವೆಂದರೆ ಸರ್ಕಾರದ ಜಾಗ, ಯಾರು ಬೇಕಾದರೂ ಹೋಗಬಹುದು ಎಂಬ ಹಕ್ಕಿಲ್ಲ. ಕುರಿ ಮೇಯುವ ಆ ಇಳಿಜಾರುಗಳು ಬಹುತೇಕ ರೈತರ ಸ್ವಂತ ಭೂಮಿ, ಅವರ ಒಪ್ಪಿಗೆಯ ಮೇಲೆ ನಡೆಯುವುದು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ನಾಯಿ ಕರೆದೊಯ್ಯಬಾರದು.

ಮೇಲೆ ತಲುಪಿದ ನಂತರವೇ ನಿಜವಾದ ಅಪಾಯ. ಚೂಪು ಬೆಟ್ಟದಲ್ಲಿ ಮಂಜು ಕವಿದರೂ ಮೇಲು ಯಾವುದು, ಕೆಳಗು ಯಾವುದು ಎಂದು ಕಾಲಿಗೆ ಗೊತ್ತಾಗುತ್ತದೆ. ಚಪ್ಪಟೆ ನೆತ್ತಿಯಲ್ಲಿ ಆ ಸುಳಿವೇ ಇರುವುದಿಲ್ಲ, ಅಂಚು ಬಂದದ್ದು ಅಂಚಿನಲ್ಲೇ ತಿಳಿಯುವುದು. ಕಡಲಿನಿಂದ ಬರುವ ಮೋಡಕ್ಕೆ ಎದುರಾಗುವ ಮೊದಲ ಎತ್ತರ ಇದೇ ಆದ್ದರಿಂದ, ಬಿಸಿಲಿದ್ದ ನೆತ್ತಿ ಹದಿನೈದು ನಿಮಿಷದಲ್ಲಿ ಮುಚ್ಚಿಹೋಗುತ್ತದೆ. ಐರ್ಲೆಂಡಿನ ಪಶ್ಚಿಮದ ಕೆಲವೆಡೆ ವರ್ಷಕ್ಕೆ ಸುಮಾರು 225 ದಿನ ಮಳೆ ಬೀಳುತ್ತದೆ. ನಮ್ಮ ಮುಂಗಾರಿನಂತೆ ಸುರಿದು ಮುಗಿಯುವ ಮಳೆಯಲ್ಲ, ದಿನವಿಡೀ ಬಂದುಹೋಗುವ ಮಳೆ. ಅಲ್ಲಿಗೆ ಹೋಗುವವರ ಬಳಿ 1:50,000 ಅಳತೆಯ ನಕಾಶೆ (ಡಿಸ್ಕವರಿ ಸರಣಿಯ 16ನೇ ಹಾಳೆ), ದಿಕ್ಸೂಚಿ, ಎರಡನ್ನೂ ಬಳಸುವ ಅಭ್ಯಾಸ ಇರಬೇಕು. ಫೋನ್ ಒಂದನ್ನೇ ನಂಬಿದರೆ, ಚಳಿಗೆ ಬ್ಯಾಟರಿ ಕುಸಿದಾಗ ದಾರಿ ಹೇಳಲು ಏನೂ ಉಳಿಯುವುದಿಲ್ಲ. ಸಿಕ್ಕಿಹಾಕಿಕೊಂಡರೆ 112 ಅಥವಾ 999ಕ್ಕೆ ಕರೆ ಮಾಡಿ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು. ಬರುವವರು ಸ್ವಯಂಸೇವಕರು, ತಮ್ಮ ಕೆಲಸ ಬಿಟ್ಟು ಬರುವ ಸ್ಥಳೀಯರು. ನಿಂತ ಜಾಗದಿಂದ ಕದಲದೆ ಕಾಯಬೇಕು.

526ರ ಮಾತು ಇಲ್ಲಿಗೆ ಸಾಕು. ಈಗ ನೀವು ಮಾಡಬೇಕಾದ್ದು.

ಡಬ್ಲಿನ್‌ನಿಂದ ಸ್ಲೈಗೋ ಸುಮಾರು 210 ಕಿ.ಮೀ., ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಕಾನಲಿ ನಿಲ್ದಾಣದಿಂದ ರೈಲಿದೆ, ಅದಕ್ಕೂ ಮೂರು ಗಂಟೆ. ಆದರೆ ಸ್ಲೈಗೋದಿಂದ ಬೆಟ್ಟದ ಬುಡಕ್ಕೆ ಕಾರಿಲ್ಲದೆ ಹೋಗುವುದು ತ್ರಾಸು, ಅಳಿಯಂದಿರ ಕಾರೇ ಸರಿ. ಅಲ್ಲೂ ನಮ್ಮಂತೆ ಎಡಬದಿಯ ಚಾಲನೆ. N15 ರಸ್ತೆಯಲ್ಲಿ ಉತ್ತರಕ್ಕೆ ಹೋಗಿ ಗೋರ್ಟರೋವಿ ಎಂಬಲ್ಲಿಯ ಕಾಡಿನ ಪಾರ್ಕಿಂಗ್‌ಗೆ ತಿರುಗಿ. ಅಲ್ಲಿಂದ ಸುಮಾರು 5.5 ಕಿ.ಮೀ.ಯ ಸುತ್ತುದಾರಿ, ನಿಧಾನವಾಗಿ ನಡೆದರೆ ಎರಡು ಗಂಟೆ. ಗಟ್ಟಿ ಜಲ್ಲಿಯ ದಾರಿ. ಈ ದಾರಿ ನೆತ್ತಿಗೆ ಹೋಗುವುದಿಲ್ಲ, ಮರೆಯಬೇಡಿ. ಕಾಡು ತೆರೆದುಕೊಳ್ಳುವಲ್ಲಿ ಆ ಇಡೀ ಗೋಡೆ ತಲೆಯ ಮೇಲೆಯೇ ನಿಂತಿರುತ್ತದೆ, ಇನ್ನೊಂದು ಬದಿಗೆ ಡಾನಿಗಾಲ್ ಕೊಲ್ಲಿ. ಬೆಟ್ಟ ಚೆನ್ನಾಗಿ ಕಾಣುವುದೇ ಇಲ್ಲಿಂದ. ನೆತ್ತಿಗೆ ಹೋದವರಿಗೆ ಆ ಗೋಡೆ ಕಾಣುವುದಿಲ್ಲ, ಅವರು ಅದರ ಮೇಲೆ ನಿಂತಿರುತ್ತಾರೆ.

ಛತ್ರಿ ಮನೆಯಲ್ಲೇ ಇರಲಿ, ಆ ಗಾಳಿಗೆ ಕಡ್ಡಿ ಮುರಿಯುತ್ತದೆ. ಟೋಪಿ ಇರುವ ಮಳೆಕೋಟು, ಒಳಗೆ ಉಣ್ಣೆಯ ಒಂದು ಪದರ, ನೀರು ಬಿಡದ ಶೂ, ಬದಲಿ ಕಾಲುಚೀಲ. ಉದ್ದ ಹುಲ್ಲಿಗೆ, ಜರೀಗಿಡದ ಪೊದೆಗೆ ಇಳಿದರೆ ರಕ್ತ ಹೀರುವ ಉಣ್ಣಿ ಹತ್ತುತ್ತದೆ. ಅದರಿಂದ ಲೈಮ್ ಕಾಯಿಲೆ ಬರುವ ಸಾಧ್ಯತೆ ಇರುವುದರಿಂದ ಸಂಜೆ ಮೊಣಕಾಲಿನ ಹಿಂದೆ, ಸೊಂಟದ ಬಳಿ ನೋಡಿಕೊಳ್ಳಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ಮೇಲೆ, ಅವಸರ ಬೇಡ. ಇದೇ ಪ್ರಶ್ನೆಯನ್ನು ಡಿಸೆಂಬರ್‌ಗೆ ಕೇಳುವವರಿಗೆ ಬೇರೆ ಉತ್ತರ: ಸಂಜೆ ನಾಲ್ಕೂವರೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತದೆ.

ಕಥೆಗಾಗಿ ಹೋಗುವವರು ಗ್ಲೆನಿಫ್ ಹಾರ್ಸ್‌ಶೂ ಎಂಬ ಸುಮಾರು 10 ಕಿ.ಮೀ.ಯ ಕಿರುರಸ್ತೆಯನ್ನೂ ಸುತ್ತಿ ಬನ್ನಿ. ಅಲ್ಲಿ ಎತ್ತರದ ಬಂಡೆಯಲ್ಲಿ ಡೀರ್ಮಿಡ್ ಮತ್ತು ಗ್ರಾನ್ಯರ ಗವಿ ಎಂದು ಕರೆಯುವ ದೊಡ್ಡ ಬಾಯಿ ಕಾಣುತ್ತದೆ. ಅದನ್ನೂ ರಸ್ತೆಯಿಂದಲೇ ನೋಡಿ. ಐರಿಶ್ ಐತಿಹ್ಯದ ಫಿಯಾನಾ ಎಂಬ ವೀರರ ಪಡೆಯ ಮುದಿ ನಾಯಕ ಫಿನ್ ಮ್ಯಾಕೂಲ್‌ಗೆ ನಿಶ್ಚಯವಾಗಿದ್ದ ರಾಜಕುಮಾರಿ ಗ್ರಾನ್ಯ, ಅವನದೇ ಪಡೆಯ ತರುಣ ಡೀರ್ಮಿಡ್‌ನನ್ನು ಮಾತಿನಲ್ಲಿ ಕಟ್ಟಿಹಾಕಿ ಅವನೊಡನೆ ಓಡಿಹೋದಳು. ವರ್ಷಗಳ ಮೇಲೆ ರಾಜಿಯಾಯಿತು. ಆದರೆ ಡೀರ್ಮಿಡ್‌ಗೆ ಬಾಲ್ಯದಿಂದ ಒಂದು ಕಟ್ಟು ಇತ್ತು: ಕಾಡುಹಂದಿಯ ಬೇಟೆ ಆಡಬಾರದು. ಬೆನ್‌ಬುಲ್ಬಿನ್ ಮೇಲೆ ಹಂದಿ ಅವನ ಹೊಟ್ಟೆ ಸೀಳಿತು. ಫಿನ್‌ನ ಬೊಗಸೆಯಿಂದ ಕುಡಿದ ನೀರಿಗೆ ಎಂಥ ಗಾಯವೂ ಮಾಯುತ್ತಿತ್ತು. ಒರತೆ ಕೆಲವೇ ಹೆಜ್ಜೆ ದೂರ. ಫಿನ್ ಎರಡು ಸಲ ನೀರು ತಂದ, ಎರಡು ಸಲವೂ ಗ್ರಾನ್ಯಳ ನೆನಪಾಗಿ ಬೆರಳು ಸಡಿಲಿಸಿದ. ಮೊಮ್ಮಗ ಆಸ್ಕರ್ ಬೆದರಿಸಿದ ಮೇಲೆ ಮೂರನೇ ಸಲ ತಂದಾಗ ಡೀರ್ಮಿಡ್ ಇರಲಿಲ್ಲ.

ಹತ್ತಲೇಬೇಕೆಂದಿದ್ದರೆ ನಾಕ್‌ನರೇ ಹತ್ತಿ. ಸ್ಲೈಗೋ ಪೇಟೆಯ ಪಶ್ಚಿಮಕ್ಕೆ, 327 ಮೀಟರ್, ಗುರುತಿರುವ ದಾರಿ. ಸ್ಟ್ರಾಂಡ್‌ಹಿಲ್ ಕಡೆಯ ದಾರಿಯಲ್ಲಿ ಕೆಸರಿನ ಭಾಗಕ್ಕೆ ಮರದ ಹಲಗೆ ಹಾಸಿದ್ದಾರೆ. ದಕ್ಷಿಣದ ಪಾರ್ಕಿಂಗ್‌ನಿಂದ ಹತ್ತುವುದು ಇನ್ನೂ ಹತ್ತಿರ. ಆರಾಮವಾಗಿ ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ. ನೆತ್ತಿಯಲ್ಲಿ ಸುಮಾರು 55 ಮೀಟರ್ ಅಗಲ, 10 ಮೀಟರ್ ಎತ್ತರದ ಕಲ್ಲುಗುಡ್ಡೆ, ಮೇವ್ ರಾಣಿಯ ಗೋರಿ. ಕಾನಕ್ಟ್ ಸೀಮೆಯ ಈ ರಾಣಿ ಆಯುಧಪಾಣಿಯಾಗಿ, ನಿಂತ ಭಂಗಿಯಲ್ಲೇ, ತನ್ನ ವೈರಿಗಳ ಅಲ್‌ಸ್ಟರ್ ಕಡೆ ಮುಖ ಮಾಡಿ ಅದರೊಳಗಿದ್ದಾಳೆ ಎಂಬುದು ಐತಿಹ್ಯ.

ನಿಜವಾಗಿ ಅಲ್ಲಿದ್ದಾಳೆಯೇ? ನೀವು ಕೇಳಿಲ್ಲ, ಆದರೂ ಹತ್ತುವ ಮೊದಲು ತಿಳಿದಿರುವುದು ಒಳ್ಳೆಯದು. ಆ ಗುಡ್ಡೆಯನ್ನು ಈವರೆಗೆ ಯಾರೂ ಅಗೆದು ನೋಡಿಲ್ಲ. ಆಕಾರದಿಂದ, ಸುತ್ತಲಿನ ಗೋರಿಗಳಿಂದ ಅದು ಐದು ಸಾವಿರ ವರ್ಷಗಳಷ್ಟು ಹಳೆಯದು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಮೇವ್‌ಳ ಕಥೆಗಳು ಪರಂಪರೆಯ ಪ್ರಕಾರವೇ ಕ್ರಿಸ್ತನ ಕಾಲದ ಆಸುಪಾಸಿನವು. ಅಂದರೆ ಅವಳ ಕಾಲಕ್ಕೇ ಆ ಗುಡ್ಡೆ ಮೂರು ಸಾವಿರ ವರ್ಷ ಹಳೆಯದಾಗಿತ್ತು. ಅವಳ ರಾಜಧಾನಿ ಎನ್ನುವ ರಾಥ್‌ಕ್ರೋಹನ್ ಪಕ್ಕದ ರಾಸ್‌ಕಾಮನ್ ಕೌಂಟಿಯಲ್ಲಿದೆ, ಅವಳನ್ನು ಹೂತದ್ದು ಅಲ್ಲೇ ಎಂಬ ವಾದವೂ ಇದೆ. ನಾಕ್‌ನರೇ ಗುಡ್ಡೆಯನ್ನು ಕಟ್ಟಿದವರು ಲೋಹವನ್ನೇ ಕಾಣದ ಮೊದಲ ಬೇಸಾಯಗಾರರು. ಅವರ ಇನ್ನಷ್ಟು ಗೋರಿಗಳು ಬೆಟ್ಟದ ಕೆಳಗೆ ಕ್ಯಾರೋಮೋರ್‌ನಲ್ಲಿ, ಹೊಲಗಳ ನಡುವೆ ಇವೆ. ಅದು ವರ್ಷವಿಡೀ ತೆರೆದಿರುವುದಿಲ್ಲ, ಜೂನ್‌ನಲ್ಲಿ ನೋಡಬಹುದು.

ಬುಡದಿಂದ ಒಂದು ಕಲ್ಲು ಒಯ್ದು ಗುಡ್ಡೆಗೆ ಹಾಕಿದರೆ ಶುಭ ಎಂಬ ನಂಬಿಕೆ ಅಲ್ಲಿದೆ. ಈಗ ಸಾವಿರಾರು ಜನ ಬರುವುದರಿಂದ ಕಲ್ಲು ಹಾಕುವುದು, ತೆಗೆಯುವುದು, ಗುಡ್ಡೆಯ ಮೇಲೆ ಹತ್ತುವುದು ಯಾವುದೂ ಬೇಡ. ಹತ್ತಿದವರ ಕಾಲಿಗೆ ಕಲ್ಲು ಜಾರಿ ಗುಡ್ಡೆಯ ಬದಿ ಕುಸಿಯುತ್ತದೆ. ಬುಡದಲ್ಲೇ ಒಂದು ಸುತ್ತು ಬನ್ನಿ.

ಕೊನೆಯದಾಗಿ ವೀಸಾ, ಏಕೆಂದರೆ ಫಿನ್‌ನ ಕಥೆ ಓದಿದವರು ಮರುದಿನ ಅವನೇ ಕಟ್ಟಿದನೆನ್ನುವ, ಕಡಲಂಚಿನ ಕಲ್ಲುಕಂಬಗಳ ಜೈಂಟ್ಸ್ ಕಾಸ್‌ವೇಗೂ ಹೊರಡುತ್ತಾರೆ. ಸ್ಲೈಗೋ ಇರುವುದು ಐರ್ಲೆಂಡ್ ಗಣರಾಜ್ಯದಲ್ಲಿ, ಅದಕ್ಕೆ ಐರಿಶ್ ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಕೂಟದಲ್ಲಿ ಐರ್ಲೆಂಡ್ ಇಲ್ಲ, ಷೆಂಗೆನ್ ವೀಸಾ ನಡೆಯುವುದಿಲ್ಲ. ಜೈಂಟ್ಸ್ ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿನ ಭಾಗ. ಗಡಿಯಲ್ಲಿ ಗೇಟು, ಚೌಕಿ ಏನೂ ಕಾಣದಿದ್ದರೂ ನಿಯಮ ಇದ್ದೇ ಇದೆ. ನಿಮ್ಮ ವೀಸಾ ಮೇಲೆ BIVS (ಬ್ರಿಟನ್, ಐರ್ಲೆಂಡ್‌ಗಳ ಜಂಟಿ ವೀಸಾ ಯೋಜನೆ) ಎಂಬ ಮುದ್ರೆ ಇದ್ದರೆ ಭಾರತೀಯರು ಅದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಮುದ್ರೆ ಇಲ್ಲದಿದ್ದರೆ ಸ್ಲೈಗೋ ನೋಡಿಕೊಂಡು ಡಬ್ಲಿನ್‌ಗೇ ವಾಪಸಾಗಿ.