ರಸ್ತೆ ಅಗಲ ಮಾಡಿದರೆ ಮಕ್ಕಳಿಗೆ ಒಳ್ಳೆಯದಲ್ವಾ?

ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ. ಶಾಲೆ ಮನೆಯಿಂದ ಬರೀ 700 ಮೀಟರ್, ಆದರೂ ವ್ಯಾನಿನಲ್ಲಿ ಕಳಿಸುತ್ತೇವೆ. ನಮ್ಮ ಹೌಸಿಂಗ್ ಸೊಸೈಟಿ ಮುಂದಿನ ರಸ್ತೆ ಅಗಲ ಮಾಡುತ್ತಾರಂತೆ. ಆಮೇಲಾದರೂ ಅವಳು ಸೈಕಲ್‌ನಲ್ಲಿ ಹೋಗಬಹುದಾ?

ಉತ್ತರ: ಬರೀ ಅಗಲ ಮಾಡಿ ಬಿಟ್ಟರೆ ಈಗಿನದಕ್ಕಿಂತ ಕಷ್ಟ ಜಾಸ್ತಿ ಆಗಬಹುದು. ವಿಚಿತ್ರ ಅನಿಸುತ್ತದೆ, ಅಲ್ವಾ? ಬೋರ್ಡ್ ನೋಡಿ ವೇಗ ಇಳಿಸುವವರು ಕಡಿಮೆ. ಎಷ್ಟು ವೇಗದಲ್ಲಿ ಹೋಗಬೇಕು ಅಂತ ರಸ್ತೆಯೇ ಹೇಳಿಕೊಡುತ್ತದೆ. ಹಳೇ ಪುಣೆಯ ಸದಾಶಿವ ಪೇಠದ ಇಕ್ಕಟ್ಟು ಗಲ್ಲಿಯಲ್ಲಿ ತೆವಳಿಕೊಂಡು ಹೋಗುವವನೇ ನಿಮ್ಮ ಕಡೆ ನೇರ, ಅಗಲ ರಸ್ತೆ ಸಿಕ್ಕ ಕೂಡಲೇ ಹಾರಿಸಿಕೊಂಡು ಬರುತ್ತಾನೆ.

ವೇಗದ ಲೆಕ್ಕ ಸ್ವಲ್ಪ ನೋಡಿ. ಗಂಟೆಗೆ 30 ಕಿ.ಮೀ. ವೇಗದ ಕಾರು, ಮಗು ಅಡ್ಡ ಬಂದದ್ದು ಕಂಡ ಮೇಲೆ, ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತದೆ. 50ರಲ್ಲಿ ಬಂದರೆ ಸುಮಾರು 28 ಮೀಟರ್ ಬೇಕು. ಅಂದರೆ ಮೊದಲ ಕಾರು ನಿಂತಾಗಿರುವ ಜಾಗದಲ್ಲಿ ಎರಡನೆಯವನು ಆಗ ತಾನೇ ಬ್ರೇಕ್ ಮೇಲೆ ಕಾಲಿಡುತ್ತಿರುತ್ತಾನೆ. ಜನ ಮತ್ತು ವಾಹನ ಒಟ್ಟಿಗೆ ಓಡಾಡುವ ಕಡೆ 30 ಮಿತಿ ಇರಲಿ ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಸುಮ್ನೆ ಅಲ್ಲ.

ಇನ್ನು ತಿರುವುಗಳು. ಕೋಥರೂಡ್‌ನಲ್ಲಿ ನಮ್ಮ ಮನೆ ಹತ್ತಿರದ ತಿರುವನ್ನು ಎಷ್ಟು ಉದಾರವಾಗಿ ದುಂಡಗೆ ಮಾಡಿದ್ದಾರೆಂದರೆ, ಕಾರುಗಳು ಗೇರ್ ಇಳಿಸದೆಯೇ ತಿರುಗುತ್ತವೆ. ಅಲ್ಲೇ ಒಂದು ವಡಾಪಾವ್ ಗಾಡಿ, ಅದರ ಪಕ್ಕ ಸಾಲಾಗಿ ಬೈಕುಗಳು, ಒಂದು ದೊಡ್ಡ ಕಾರು. ಮೊನ್ನೆ ಒಬ್ಬ ಪುಟ್ಟ ಹುಡುಗ ಆ ಕಾರಿನ ಹಿಂದೆ ನಿಂತು ಕತ್ತು ಚಾಚಿದ. ಏನೂ ಕಾಣಲಿಲ್ಲ. ಎರಡು ಹೆಜ್ಜೆ ರಸ್ತೆಗೇ ಇಳಿದು ನೋಡಿದ. ತಪ್ಪು ಅವನದಲ್ಲ. ಅಲ್ಲಿಂದ ರಸ್ತೆ ಕಾಣಬೇಕಾದರೆ ರಸ್ತೆಯಲ್ಲೇ ನಿಲ್ಲಬೇಕು!

ಫುಟ್‌ಪಾತ್ ಇದೆಯಲ್ಲ ಅನ್ನಬೇಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಅದರ ಎತ್ತರ 15 ಸೆಂ.ಮೀ. ಮೀರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ನಮ್ಮ ಬೀದಿಯದನ್ನು ಟೇಪ್ ಹಿಡಿದು ಅಳೆದೆ. ಎತ್ತರ 27! ಅಜ್ಜಿಯಂದಿರೂ ಮಕ್ಕಳೂ ರಸ್ತೆಯಲ್ಲೇ ನಡೆಯುತ್ತಾರೆ. ಪುಣೆಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಜಂಗಲಿ ಮಹಾರಾಜ್ ರಸ್ತೆಗೆ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ, ಅಲ್ಲಿಯ ಅಗಲ ಫುಟ್‌ಪಾತ್ ನೋಡಿ. ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದಲೇ ಸೈಕಲ್ ದೇಶವಾಗಿ ಉಳಿದುಕೊಂಡಿದ್ದಲ್ಲ. 1971ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ತಂದೆತಾಯಿಗಳು ಬೀದಿಗಿಳಿದ ಮೇಲೆಯೇ ಬೀದಿಗಳು ಬದಲಾದದ್ದು.

ಹಾಗಾಗಿ ವಾರ್ಡ್ ಆಫೀಸಿನಲ್ಲಿ ಈಗಲೇ ಕೇಳಿ: ಹೆಚ್ಚಾಗುವ ಜಾಗ ಯಾರಿಗೆ? ಕಾರಿಗಾ, ಫುಟ್‌ಪಾತ್ ಮತ್ತು ಸೈಕಲ್ಲಿಗಾ? ಶಾಲೆ ಗೇಟಿನ ಮುಂದೆ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗ್ ಬರುತ್ತದಾ? ಸೊಸೈಟಿಯವರೇ ಸಿಮೆಂಟ್ ಸುರಿದು ಗುಡ್ಡದಂಥ ಬ್ರೇಕರ್ ಮಾಡಲು ಹೊರಟರೆ ತಡೆಯಿರಿ. ಸೈಕಲ್ ಹುಡುಗರು ಮೊದಲು ಬೀಳುವುದೇ ಅದರ ಮೇಲೆ.

ಮತ್ತೆ, ನಿಮ್ಮ ಸೊಸೈಟಿಗೆ ಹಿಂದಿನ ಗೇಟ್ ಇದೆಯಾ? ನಮ್ಮದಕ್ಕೆ ವರ್ಷಗಟ್ಟಲೆ ಬೀಗ ಹಾಕಿತ್ತು. ಆ ಕಡೆಯ ಗಲ್ಲಿಯಿಂದ ಹೋದರೆ ಮಕ್ಕಳಿಗೆ ದೊಡ್ಡ ರಸ್ತೆ ದಾಟುವ ಕೆಲಸವೇ ಇಲ್ಲ. ನಾಲ್ಕು ಮೀಟಿಂಗ್ ಜಗಳವಾಡಿದ ಮೇಲೆ, ಈಗ ಬೆಳಿಗ್ಗೆ ಏಳರಿಂದ ಎಂಟರವರೆಗೆ ವಾಚ್‌ಮನ್ ಮಾಮಾ ಬೀಗ ತೆಗೆದು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ.