ಪ್ಲಸ್ ಕಂಡರೆ ಕೂಡಿಸಬೇಡಿ: ಪರಮಾಣುಗಳಲ್ಲಿ ಕಣ ಎಣಿಸುವಾಗ

ಎರಡು ಪರಮಾಣು ಕೊಟ್ಟು ಯಾವುದರಲ್ಲಿ ಯಾವ ಕಣ ಜಾಸ್ತಿ ಅಂತ ಕೇಳಿದರೆ ಮೊದಲು ಪ್ರೋಟಾನ್ ಬರೆದುಕೊಳ್ಳಿ. ಪರಮಾಣು ಸಂಖ್ಯೆ ಅಂದರೆ ಅದೇ. ಸೋಡಿಯಂ ಯಾವ ರೂಪದಲ್ಲಿ ಬಂದರೂ 11. 12 ಆಯಿತೋ, ಅದು ಮೆಗ್ನೀಸಿಯಂ. ನ್ಯೂಟ್ರಾನ್ ಬೇಕಾದರೆ ರಾಶಿ ಸಂಖ್ಯೆಯಲ್ಲಿ (ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಎಣಿಕೆ, ಹೆಸರಿನ ಪಕ್ಕ ಬರೆಯುವ ಅಂಕಿ) ಪ್ರೋಟಾನ್ ಕಳೆಯಿರಿ: ಸೋಡಿಯಂ-23ಕ್ಕೆ 23 − 11 = 12.

ತಲೆ ಕೆಡುವುದು ಎಲೆಕ್ಟ್ರಾನ್ ಹತ್ತಿರ ಬಂದಾಗ. ಆವೇಶ ಇಲ್ಲದ ಪರಮಾಣುವಾದರೆ ಪ್ರೋಟಾನ್ ಎಷ್ಟೋ ಎಲೆಕ್ಟ್ರಾನೂ ಅಷ್ಟೇ. ಸೋಡಿಯಂ ಅಯಾನು, ಅಂದರೆ ಆವೇಶ ಇರುವ ಪರಮಾಣು ಬಂತು, ಮೇಲೆ ಒಂದು + ಕೂತಿತ್ತು ಅಂದರೆ ಕೈ ತಾನಾಗಿ 11ಕ್ಕೆ 1 ಕೂಡಿಸಲು ಹೋಗುತ್ತದೆ. ಕೂಡಿಸಬಾರದು, ಕಳೆಯಬೇಕು. ಯಾಕೆ ಅಂತ ನಿಧಾನವಾಗಿ ನೋಡೋಣ. ರಾಸಾಯನಿಕ ಕ್ರಿಯೆಯಲ್ಲಿ ಪ್ರೋಟಾನ್ ನ್ಯೂಕ್ಲಿಯಸ್ ಬಿಟ್ಟು ಅಲ್ಲಾಡುವುದಿಲ್ಲ, ಹೊಸದು ಬಂದು ಸೇರುವುದೂ ಇಲ್ಲ, ಹೋಗಿ ಬರುವುದು ಎಲೆಕ್ಟ್ರಾನ್ ಮಾತ್ರ. ಅದು ಮೈನಸ್ ಕಣ ಅಲ್ವಾ? ಒಂದು ಮೈನಸ್ ಹೊರಗೆ ಹೋದರೆ ಒಳಗೆ +11, ಸುತ್ತ −10. ಎರಡನ್ನೂ ಕೂಡಿಸಿ, +1. ಆ ಚಿಹ್ನೆ ಹೇಳುತ್ತಿರುವುದು ಒಟ್ಟು ಲೆಕ್ಕವನ್ನು, ಎಲೆಕ್ಟ್ರಾನ್ ಎಷ್ಟು ಬಂತು ಅನ್ನುವುದನ್ನಲ್ಲ.

ಒಂದೇ ಸೂತ್ರ ಸಾಕು: ಎಲೆಕ್ಟ್ರಾನ್ = ಪ್ರೋಟಾನ್ − ಆವೇಶ, ಚಿಹ್ನೆ ಸಮೇತ. ಎರಡು ಪ್ಲಸ್ ಇರುವ ಮೆಗ್ನೀಸಿಯಂಗೆ 12 − 2 = 10. ಎರಡು ಮೈನಸ್ ಇರುವ ಆಕ್ಸೈಡ್‌ಗೆ (ಆಕ್ಸಿಜನ್ ಅಯಾನು) 8 − (−2) = 10. ಒಂದು ಮೈನಸ್ ಇರುವ ಫ್ಲೋರೈಡ್‌ಗೂ (ಫ್ಲೋರಿನ್ ಅಯಾನು) 10, ಸೋಡಿಯಂ ಅಯಾನಿಗೂ 10, ನಿಯಾನ್‌ಗಂತೂ ಮೊದಲೇ 10. ಹಾಗಂತ ಹತ್ತು ಕಂಡ ಕೂಡಲೇ ನಿಯಾನ್ ಅಂತ ಬರೆದುಬಿಡಬೇಡಿ, ಹೆಸರು ಹೇಳುವುದು ಪ್ರೋಟಾನ್. ನನಗೆ ತುಂಬಾ ಹಿಡಿಸಿದ್ದು ಈ ಗುಂಪೇ: ಹತ್ತು ಎಲೆಕ್ಟ್ರಾನ್‌ಗಳನ್ನು ಮೆಗ್ನೀಸಿಯಂನಲ್ಲಿ 12 ಪ್ರೋಟಾನ್ ಎಳೆಯುತ್ತವೆ, ಆಕ್ಸೈಡ್‌ನಲ್ಲಿ ಬರೀ 8, ಅದಕ್ಕೇ ಈ ಅಯಾನುಗಳಲ್ಲಿ ಮೆಗ್ನೀಸಿಯಂ ಎಲ್ಲಕ್ಕಿಂತ ಚಿಕ್ಕದು, ಆಕ್ಸೈಡ್ ದೊಡ್ಡದು.

ರಾಶಿ ಸಂಖ್ಯೆ ಒಂದೇ ಇದ್ದರೆ ನ್ಯೂಟ್ರಾನೂ ಒಂದೇ ಅಂತ ಅಂದುಕೊಳ್ಳುವ ಹಾಗಿಲ್ಲ. ಆರ್ಗಾನ್-40, ಪೊಟ್ಯಾಸಿಯಂ-40, ಕ್ಯಾಲ್ಸಿಯಂ-40: ನ್ಯೂಟ್ರಾನ್ 22, 21, 20. ಹೈಡ್ರೋಜನ್-1ರಲ್ಲಿ ನ್ಯೂಟ್ರಾನೇ ಇಲ್ಲ, ಉತ್ತರ ಸೊನ್ನೆ ಬಂದರೆ ಗಾಬರಿ ಬೇಡ.

ಇನ್ನು ಕ್ಲೋರಿನ್. ಆವರ್ತ ಕೋಷ್ಟಕದಲ್ಲಿ ಅದರ ರಾಶಿ 35.5 ಅಂತ ಇರುತ್ತದೆ, ಸುಮ್ನೆ 17 ಕಳೆದರೆ ಹದಿನೆಂಟೂವರೆ ನ್ಯೂಟ್ರಾನ್! ಅದು ಸರಾಸರಿ ಅಷ್ಟೇ. ಪ್ರಕೃತಿಯಲ್ಲಿ ಕ್ಲೋರಿನ್-35 ಸುಮಾರು ಮುಕ್ಕಾಲು ಪಾಲು, ಉಳಿದದ್ದು ಕ್ಲೋರಿನ್-37. ಒಂದರಲ್ಲಿ 18, ಇನ್ನೊಂದರಲ್ಲಿ 20. ಯಾವ ಕ್ಲೋರಿನ್ ಅಂತ ಪ್ರಶ್ನೆಯಲ್ಲಿ ಕೊಡದಿದ್ದರೆ ನ್ಯೂಟ್ರಾನ್ ಇಷ್ಟೇ ಅಂತ ಹೇಳಲು ಬರುವುದಿಲ್ಲ.