ಓದುಗರ ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ಆ ಕಾಡಿನ ಊರವರು ಏನು ಉಣ್ಣುತ್ತಾರೆ?

ಹುನಗುಂದ ಕಡೆಯ ಓದುಗರೊಬ್ಬರ ಪ್ರಶ್ನೆ ಇದು: "ಖಾನಾಪುರದ ಕಾಡಿನ ಊರುಗಳಿಗೆ ಮಳೆಗಾಲದಲ್ಲಿ ದಾರೀನೇ ಇರೋದಿಲ್ಲ ಅಂತ ಟಿವಿಯಲ್ಲಿ ತೋರಿಸ್ತಾರೆ. ಹಂಗಾದ್ರೆ ಆ ನಾಲ್ಕು ತಿಂಗಳು ಅವರು ಉಣ್ಣೋದೇನು? ಹೆಂಗಿರ್ತಾರ?" ಜುಲೈ ಬಂತೆಂದರೆ ಇದನ್ನೇ ಯಾರಾದರೂ ಕೇಳುತ್ತಾರೆ. ಒಂದು ಸಲ ಸರಿಯಾಗಿ ಬರೆದುಬಿಡೋಣ.

ಉತ್ತರ ಸಣ್ಣದು. ಮೇ ತಿಂಗಳಲ್ಲಿ ಕೂಡಿಟ್ಟಿದ್ದನ್ನು ಉಣ್ಣುತ್ತಾರೆ.

ಮೊದಲು ಮಳೆ ಎಷ್ಟು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬಾಗಲಕೋಟೆ, ವಿಜಯಪುರದಲ್ಲಿ ಕೂತು ಅದನ್ನು ಊಹಿಸೋದು ಕಷ್ಟ. ವಿಜಯಪುರ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ರೈತರು ಸಮಾಧಾನದಿಂದ ಇರುತ್ತಾರೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರ್ ದಾಟಿತ್ತು. ಅಂದರೆ ನಿಮ್ಮ 16 ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು, ಮೇಲೇರಿ, ತಂಪಾಗಿ ಅಲ್ಲೇ ಸುರಿದುಬಿಡುತ್ತದೆ. ಬೈಲಹೊಂಗಲ ದಾಟಿ ಮುಂದೆ ಬರುವಷ್ಟರಲ್ಲಿ ಅದರ ಕೈ ಖಾಲಿ. ಆದರೂ ನಿಮಗೆ ಪಾಲು ಬರದೇ ಇರೋದಿಲ್ಲ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೊನೆಗೆ ಕೃಷ್ಣೆಯನ್ನು ಸೇರುವುದು ನಿಮ್ಮದೇ ಕೂಡಲಸಂಗಮದಲ್ಲಿ, ಅಲ್ವಾ?

ಈಗ ಊರುಗಳ ವಿಷಯ. ಆಮಗಾಂವ, ಗವಾಳಿ, ಪಾಸ್ತೋಳಿ, ಕೊಂಗಳಾ, ಮೆಂಡಿಲ್, ತಳೇವಾಡಿ ಇವೆಲ್ಲ ಭೀಮಗಡ ವನ್ಯಜೀವಿಧಾಮದ ಕಾಡಿನೊಳಗಿನ ಊರುಗಳು. ಕಾಡು ವನ್ಯಜೀವಿಧಾಮ ಆಗಿದ್ದು 2011ರಲ್ಲಿ. ಊರುಗಳು ಅದಕ್ಕಿಂತ ಎಷ್ಟೋ ಹಳೆಯವು. ಮನೆಯೊಳಗೆ ಮರಾಠಿ, ಕೊಂಕಣಿ ಜಾಸ್ತಿ. ಪೇಟೆಗೆ, ಕಚೇರಿಗೆ ಕನ್ನಡ. ಬೇಸಿಗೆಯಲ್ಲಿ ಜೀಪು, ಬೈಕು ಹೇಗೋ ಹೋಗುತ್ತವೆ. ಜೂನ್ ಎರಡನೇ ವಾರ ದಾಟಿತೆಂದರೆ ಹಳ್ಳಗಳು ತುಂಬಿ ದಾರಿ ಮುಗಿಯಿತು. ಕಟ್ಟಿಗೆಯ ಕಾಲುಸಂಕ ಇದ್ದಲ್ಲಿ ದಾಟಬಹುದು, ಇಲ್ಲದಿದ್ದರೆ ನೀರು ಇಳಿಯುವ ತನಕ ಈಚೆ ದಂಡೆಯಲ್ಲಿ ಕೂರಬೇಕು.

ಒಂದು ಮೇ ತಿಂಗಳ ಕೊನೆಯಲ್ಲಿ ನಾನು ಅಂಥ ಊರೊಂದಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಅವನ ಮಾವಶಿಯ (ಚಿಕ್ಕಮ್ಮನ) ಮನೆ. ಹೊಸಿಲು ದಾಟುತ್ತಲೇ ಎಡಗಡೆ ಸೂರಿನ ತನಕ ಕಟ್ಟಿಗೆ ಒಟ್ಟಿದ್ದರು, ಗೋಡೆಯೇ ಕಾಣುತ್ತಿರಲಿಲ್ಲ. ಹೊರಗೆ ಮಳೆ ಬಡಿಯುವ ದಿಕ್ಕಿನ ಮಣ್ಣಿನ ಗೋಡೆಗೆ ಒಣಹುಲ್ಲಿನ ತಟ್ಟಿ ಕಟ್ಟುವ ಕೆಲಸ ನಡೆದಿತ್ತು. ಅದಿಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಗೋಡೆ ಕುಸಿಯುತ್ತದಂತೆ. ಒಲೆಯ ಮೇಲೆ ಬಿದಿರಿನ ಅಟ್ಟ. ಅದರ ಮೇಲೆ ಒಣ ಮೀನು, ಹಲಸಿನ ಬೀಜ, ಮುಂದಿನ ವರ್ಷದ ಬಿತ್ತನೆಗೆ ಇಟ್ಟ ಸೌತೆ, ಕುಂಬಳದ ಬೀಜ. ಹೊಗೆ ತಾಗುತ್ತಿದ್ದರೆ ಬೂಸು ಹಿಡಿಯೋದಿಲ್ಲ, ಹುಳ ಬೀಳೋದಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆಗೂ ಅದೇ ಜಾಗ. ಹಾಗಾಗಿ ಆ ನಾಲ್ಕು ತಿಂಗಳು ಶಾಲೆ ಅಂಗಿಯಿಂದ ಹಿಡಿದು ಸೀರೆ ತನಕ ಎಲ್ಲದಕ್ಕೂ ಹೊಗೆ ವಾಸನೆ.

ಉಪ್ಪನ್ನು ಮಾತ್ರ ಭರಣಿಯಲ್ಲಿ ಹಾಕಿ ಒಲೆಯ ಮಗ್ಗುಲಲ್ಲೇ ಇಟ್ಟಿದ್ದರು. ಬೇರೆಲ್ಲಿ ಇಟ್ಟರೂ ನೀರಾಗಿ ಹೋಗುತ್ತದೆ. ಬೆಂಕಿಪೊಟ್ಟಣಗಳು ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಪ್ಲಾಸ್ಟಿಕ್ ಸುತ್ತಿ. "ಅಕ್ಕಿ ಮುಗದ್ರ ಬಾಜೂ ಮನ್ಯಾಗ ಇಸ್ಕೋಬಹುದು. ಕಡ್ಡಿಪೆಟ್ಟಿಗಿ ಎಲ್ಲಾರ ಮನ್ಯಾಗೂ ಒಮ್ಮೆ ನೆನೀತದ" ಅಂದರು ಮಾವಶಿ.

ಅಕ್ಕಿ, ನಾಚಣಿ ಹೊಲದ್ದೇ. ನಾಚಣಿ ಅಂದರೆ ರಾಗಿ. ಒಣಮೆಣಸಿನಕಾಯಿ ತಂದು ಖಾರ ಕುಟ್ಟಿ ಇಟ್ಟಿರುತ್ತಾರೆ. ಹುಳಿಗೆ ಮುರುಗಲ (ಕೋಕಂ) ಸಿಪ್ಪೆ. ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ ಪೇಟೆಯಿಂದ. ಅದಕ್ಕೆ ರೊಕ್ಕ ಬರೋದು ಬೇಸಿಗೆಯ ಗೋಡಂಬಿಯಿಂದ, ಇಲ್ಲವೇ ಗೋವಾದಲ್ಲಿ ದುಡಿಯುವ ಮಕ್ಕಳಿಂದ. ಮಳೆ ಬಿದ್ದ ಮೇಲೆ ಕಾಡೂ ಕೊಡುತ್ತದೆ: ಕಳಲೆ (ಎಳೆ ಬಿದಿರು), ಅಣಬೆ, ಹತ್ತಾರು ಬಗೆಯ ಸೊಪ್ಪು, ಗದ್ದೆಯ ಏಡಿ. ಏಡಿ ಸಾರಿನ ಮುಂದೆ ನಮ್ಮ ಬೆಳಗಾವಿ ಹೋಟೆಲುಗಳ ಯಾವ ಊಟವೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಸಸ್ಯಾಹಾರಿಗಳು ಕ್ಷಮಿಸಬೇಕು.

ಸುಮ್ನೆ ಒಲೆ ಮುಂದೆ ಕೂತಿರುತ್ತಾರೆ ಅಂದುಕೊಳ್ಳಬೇಡಿ. ಭತ್ತದ ನಾಟಿ ನಡೆಯೋದೇ ಜುಲೈ ಮಳೆಯಲ್ಲಿ, ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಹೊದ್ದು, ಕಾಲಿಗೆ ಹತ್ತುವ ಜಿಗಣೆ ಬಿಡಿಸಿಕೊಳ್ಳುತ್ತಾ, ಇವತ್ತು ನಿಮ್ಮ ಗದ್ದೆ ನಾಳೆ ನಮ್ಮ ಗದ್ದೆ ಅಂತ ಮುಯ್ಯಿಯಲ್ಲಿ. ಕರೆಂಟು ಹೋದರೆ ವಾರಗಟ್ಟಲೆ ಬರೋದಿಲ್ಲ. ಸೋಲಾರ್ ದೀಪ ಇದೆ, ಆದರೆ ಬಿಸಿಲೇ ಬೀಳದ ತಿಂಗಳಲ್ಲಿ ಅದಕ್ಕೆ ಚಾರ್ಜ್ ಎಲ್ಲಿಂದ? ಫೋನ್ ಮಾಡಬೇಕಾದರೆ ಗುಡ್ಡದ ಮೇಲೆ ಒಂದು ಬಂಡೆ ಇದೆ, ಅದರ ಮೇಲೆ ನಿಂತರೆ ಒಂದೆರಡು ಗೆರೆ ಸಿಗ್ನಲ್. ಚೌತಿಗೆ ಮಾತ್ರ ಗೋವಾಕ್ಕೆ ಹೋದವರೆಲ್ಲ ಹೇಗಾದರೂ ಊರು ಸೇರುತ್ತಾರೆ. ಗಣಪತಿಗೆ ಪ್ಲಾಸ್ಟಿಕ್ ಸುತ್ತಿ, ತಲೆಯ ಮೇಲಿಟ್ಟು, ಹಳ್ಳ ದಾಟಿಸಿ ತರುತ್ತಾರೆ.

ಊಟದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಹಸಿವಿನ ಬಗ್ಗೆ ಅವರಲ್ಲಿ ಯಾರೂ ನನ್ನ ಹತ್ತಿರ ದೂರಲಿಲ್ಲ. ಎಲ್ಲರೂ ಹೇಳಿದ್ದು ಒಂದೇ, ದವಾಖಾನೆ. ಅಕ್ಕಿ ಕೂಡಿಡಬಹುದು, ಉಪ್ಪು ಕೂಡಿಡಬಹುದು. ಡಾಕ್ಟರರನ್ನು ಕೂಡಿಡೋಕಾಗಲ್ಲ. ಬಸುರಿ ಹೆಣ್ಣುಮಕ್ಕಳನ್ನು ದಿನ ತುಂಬುವ ಮೊದಲೇ ಜಾಂಬೋಟಿಯಲ್ಲೋ ಖಾನಾಪುರದಲ್ಲೋ ಇರುವ ನೆಂಟರ ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋದರೆ ಇಲ್ಲಿ ರಸ್ತೆ ಇರುವ ಊರಿಗೆ. ಜ್ವರ, ಹಾವು, ಎದೆನೋವು ಮಾತ್ರ ದಿನ ನೋಡಿ ಬರುವಂಥವಲ್ಲ. ಆಗ ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ, ನಾಲ್ಕು ಜನ ಹೆಗಲು ಕೊಟ್ಟು, ಇನ್ನು ನಾಲ್ಕು ಜನ ಹೆಗಲು ಬದಲಿಸಲು ಜೊತೆಗೆ ನಡೆದು, ಮೈಲುಗಟ್ಟಲೆ ಹೊರುತ್ತಾರೆ. 2024ರ ಮಳೆಗಾಲದಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳನ್ನು ಹೀಗೇ ಹೊತ್ತು ತಂದ ದೃಶ್ಯ ನೀವು ಟಿವಿಯಲ್ಲಿ ನೋಡಿರಬೇಕು.

ಹಾಗಾದರೆ ಸೇತುವೆ ಕಟ್ಟಬಹುದಲ್ಲ? ವನ್ಯಜೀವಿಧಾಮದೊಳಗೆ ರಸ್ತೆ, ಸೇತುವೆ ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಒಪ್ಪಿಗೆಗಳ ಸಾಲೇ ಬೇಕು. ಸರ್ಕಾರದ ಇನ್ನೊಂದು ದಾರಿ ಸ್ಥಳಾಂತರ, ಅದೂ ಊರವರು ಒಪ್ಪಿದರೆ. ತಳೇವಾಡಿಯ 27 ಕುಟುಂಬಗಳು ಒಪ್ಪಿವೆ. ಕುಟುಂಬಕ್ಕೆ 15 ಲಕ್ಷ ರೂಪಾಯಿ, ಅದರಲ್ಲಿ ಮೊದಲ ಕಂತಿನ ಚೆಕ್ಕು 2025ರಲ್ಲಿ ಕೈಸೇರಿತು. 15 ಲಕ್ಷಕ್ಕೆ ಖಾನಾಪುರದ ಸುತ್ತ ಮನೆ ಮತ್ತು ಹೊಲ ಎರಡೂ ಆಗುತ್ತವಾ? ನನಗೆ ಅನುಮಾನ. ಆದರೆ ಜೋಲಿ ಹೊತ್ತವರಿಗೆ ಇಲ್ಲಿ ಕೂತು ಬುದ್ಧಿ ಹೇಳುವ ಅಧಿಕಾರವೂ ನನಗಿಲ್ಲ.

ಮಾವಶಿಯ ಊರಲ್ಲಿ ಇನ್ನೂ ಮಾತುಕತೆಯೇ ನಡೆದಿದೆ. ಮಗ ಹೋಗೋಣ ಅನ್ನುತ್ತಾನೆ, ಕಾಕಾ ಬೇಡ ಅನ್ನುತ್ತಾರೆ. ಕಳೆದ ಮೇ ತಿಂಗಳಲ್ಲಿ ಗೆಳೆಯ ಫೋನ್ ಮಾಡಿದಾಗ ಮಾವಶಿಯ ಮನೆಯವರು ಜಾಂಬೋಟಿ ಪೇಟೆಯಲ್ಲಿದ್ದರು. ಹತ್ತು ಕಿಲೋ ಉಪ್ಪು, ಎರಡು ಡಜನ್ ಬೆಂಕಿಪೊಟ್ಟಣ ತಗೊಂಡಾಗಿತ್ತು, ಜೀಪು ತುಂಬಲು ಕಾಯುತ್ತಿದ್ದರು.